ಮುಂಬಯಿಯ ಕಾಡಣಬೆಗಳು

ಮುಂಬಯಿ ನಗರ, ಅದರ ಉಪನಗರಗಳು ಮತ್ತು ಅವಕ್ಕೆ ಅಂಟಿಕೊಂಡ ಠಾಣೆ, ಪಾಲ್ಘರ್, ರಾಯಗಡ ಜಿಲ್ಲೆಗಳ ಗುಡ್ಡಗಾಡಿನಲ್ಲಿ ಮಳೆಗಾಲದಲ್ಲಿ ತಾವಾಗಿ ಏಳುವ, ಜನ ಆರಿಸಿ ತಂದು ಅಡುಗೆಗೆ ಬಳಸುವ ಅಣಬೆಗಳು. ಮರಾಠಿಯಲ್ಲಿ ಅಳಂಬಿ, ಕೊಂಕಣಿಯಲ್ಲಿ ಅಳಂಬೆ, ತುಳುವಿನಲ್ಲಿ ಲಾಂಬು. ಈ ಪ್ರದೇಶದಲ್ಲಿ ತಿನ್ನಲು ಬರುವ ಜಾತಿಗಳು ಹಲವು ಇದ್ದರೂ ಜನ ಆಸೆಪಟ್ಟು ಕಾಯುವುದು, ಹಣ ಕೊಟ್ಟು ಕೊಳ್ಳುವುದು ಮುಖ್ಯವಾಗಿ ಒಂದನ್ನೇ: ಹುತ್ತದ ಅಣಬೆ. ಕರಾವಳಿಯಿಂದ ಬಂದು ನೆಲೆಸಿದ ಕನ್ನಡಿಗರು ಮತ್ತು ತುಳುವರು ಇದರ ಜೊತೆಗೆ ಊರಿನ ಕಲ್ಲಣಬೆಯನ್ನೂ ನೆನೆಯುತ್ತಾರೆ. ಅದು ಮುಂಬಯಿಯ ಮಣ್ಣಿನದಲ್ಲ.

ಕಾಲ ಮತ್ತು ನೆಲೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮುಂಗಾರು ಮುಂಬಯಿ ಮುಟ್ಟುವ ವಾಡಿಕೆಯ ದಿನ ಜೂನ್ 11. ಅಲ್ಲಿಂದ ಸೆಪ್ಟೆಂಬರ್ ಕೊನೆಯವರೆಗೆ ಸಾಂತಾಕ್ರೂಜ್‌ನಲ್ಲಿ ಸರಾಸರಿ ಸುಮಾರು 2,300 ಮಿ.ಮೀ. ಮಳೆ ಸುರಿಯುತ್ತದೆ. ಸುರಿದು, ನಡುವೆ ಒಂದೆರಡು ದಿನ ಬಿಸಿಲು ಬಿದ್ದು, ಮತ್ತೆ ಮೋಡ ಕವಿದಾಗ ಅಣಬೆ ಏಳುತ್ತದೆ. ಗುಡುಗಿಗೆ ಅಣಬೆ ಏಳುತ್ತದೆ ಎಂಬ ನಂಬಿಕೆ ಕರಾವಳಿಯ ಹಳ್ಳಿಗಳಲ್ಲಿ ಗಟ್ಟಿಯಾಗಿದೆ. ಬೊರಿವಲಿ, ಗೋರೆಗಾಂವ್, ಮುಲುಂಡ್, ಠಾಣೆಗಳ ನಡುವೆ ಹಬ್ಬಿರುವ, ನೂರು ಚದರ ಕಿಲೋಮೀಟರಿಗೂ ಮಿಕ್ಕಿದ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ, ಅದಕ್ಕೆ ತಾಗಿದ ಆರೇ ಕಾಲೊನಿ, ಠಾಣೆ ಮಗ್ಗುಲಿನ ಯೇವೂರು, ವಸಯಿಯ ತುಂಗಾರೇಶ್ವರ, ಇನ್ನೂ ಆಚೆಗೆ ಡಹಾಣು, ಜವ್ಹಾರ್, ಕರ್ಜತ್‌ಗಳ ಕಾಡುಗಳು ಅಣಬೆಯ ತಾಣಗಳು. ಕೋಟಿಗಟ್ಟಲೆ ಜನರ ಊರಿನೊಳಗೆ ಚಿರತೆ ಓಡಾಡುವ ಕಾಡು ಉಳಿದಿರುವಾಗ ಹುತ್ತ ಉಳಿದಿರುವುದರಲ್ಲಿ ಆಶ್ಚರ್ಯವಿಲ್ಲ.

ಹುತ್ತದ ಅಣಬೆ. ಟರ್ಮಿಟೊಮೈಸಿಸ್ ಎಂಬ ಕುಲಕ್ಕೆ ಸೇರಿದ್ದು. ಈ ಕುಲವನ್ನು ಫ್ರಾನ್ಸಿನ ಶಿಲೀಂಧ್ರ ವಿಜ್ಞಾನಿ ರೋಜರ್ ಹೈಮ್ 1942ರಲ್ಲಿ ಗುರುತಿಸಿ ಹೆಸರಿಟ್ಟ. ದಕ್ಷಿಣ ಭಾರತದಿಂದ 1979ರಲ್ಲಿ ವರ್ಣಿತವಾದ ಒಂದು ಜಾತಿಗೆ ಅವನದೇ ಹೆಸರಿದೆ, ಟರ್ಮಿಟೊಮೈಸಿಸ್ ಹೈಮಿಯೈ. ಅಂಗೈಯಗಲದ ಕೊಡೆಯವೂ ಇವೆ, ಉಗುರಿನಷ್ಟು ಸಣ್ಣ ಕೊಡೆಯಿಟ್ಟು ನೆಲದ ಮೇಲೆ ನೂರಾರು ಒಟ್ಟಿಗೆ ಹರಡಿಕೊಳ್ಳುವ ಟರ್ಮಿಟೊಮೈಸಿಸ್ ಮೈಕ್ರೊಕಾರ್ಪಸ್ ಕೂಡ ಇದೆ.

ಇದರ ಬದುಕು ಗೆದ್ದಲಿನ ಕೈಯಲ್ಲಿದೆ. ಕೆಲಸಗಾರ ಗೆದ್ದಲುಗಳು ತರಗೆಲೆ, ಒಣಕಟ್ಟಿಗೆಗಳನ್ನು ಅಗಿದು ನುಂಗಿ, ಹುತ್ತದೊಳಗಿನ ಕೋಣೆಗಳಲ್ಲಿ ವಿಸರ್ಜಿಸಿ, ರಂಧ್ರರಂಧ್ರವಾದ ಹಗುರ ಉಂಡೆಗಳನ್ನು ಕಟ್ಟುತ್ತವೆ. ಆ ಉಂಡೆಗಳ ಮೇಲೆ ಬೆಳೆಯುವ ಶಿಲೀಂಧ್ರ, ಗೆದ್ದಲಿಗೆ ಜೀರ್ಣವಾಗದ ಮರದ ನಾರನ್ನು ಕರಗಿಸಿ ಕೊಡುತ್ತದೆ. ಗೆದ್ದಲು ಅದರ ಬಿಳಿ ಗಂಟುಗಳನ್ನೂ ಮಾಗಿದ ಉಂಡೆಯನ್ನೂ ತಿನ್ನುತ್ತದೆ. ಮೊದಲ ಮಳೆಗೆ ದೀಪದ ಸುತ್ತ ಮುತ್ತುವ ರೆಕ್ಕೆಯ ಗೆದ್ದಲುಗಳು ಹೊರಬಿದ್ದು ಹೊಸ ಹುತ್ತ ಹೂಡುತ್ತವೆ. ಹೆಚ್ಚಿನ ಜಾತಿಗಳಲ್ಲಿ ಅವು ಶಿಲೀಂಧ್ರವನ್ನು ಜೊತೆಗೆ ಒಯ್ಯುವುದಿಲ್ಲ. ಕೆಲವು ವಾರಗಳಾಗಿ ಹೊಸ ಗೂಡಿನ ಮೊದಲ ಕೆಲಸಗಾರರು ಮೇವಿಗೆ ಹೊರಡುವ ಹೊತ್ತಿಗೆ ಹಳೆಯ ಹುತ್ತದಿಂದ ಅಣಬೆ ಎದ್ದು ಬೀಜಕ ಚೆಲ್ಲಿರುತ್ತದೆ. ಆ ಬೀಜಕವೇ ಹೊಸ ಗೂಡಿನ ಬಿತ್ತನೆ. ಗೆದ್ದಲಿಲ್ಲದೆ ಈ ಅಣಬೆಯನ್ನು ಬೆಳೆಸಿ ಮಾರುವ ವಿದ್ಯೆ ಈವರೆಗೆ ಯಾರಿಗೂ ಕೈಗೂಡಿಲ್ಲ. ಅಂಗಡಿಯ ಪ್ಲಾಸ್ಟಿಕ್ ಡಬ್ಬಿಯ ಬಟನ್ ಅಣಬೆ ಬೇರೆಯೇ ಕುಲದ್ದು, ರುಚಿಯಲ್ಲೂ ಹತ್ತಿರ ಸುಳಿಯದು.

ದೊಡ್ಡ ಜಾತಿಗಳ ಗುರುತು ಹೀಗೆ: ಕೊಡೆಯ ನೆತ್ತಿಯಲ್ಲಿ ಗಟ್ಟಿಯಾದ, ಸ್ವಲ್ಪ ಕಪ್ಪು ಛಾಯೆಯ ಮೊನೆ, ಮಣ್ಣನ್ನು ಸೀಳಿಕೊಂಡು ಬರುವುದು ಅದೇ ಮೊನೆ. ಕೊಡೆಯಡಿಯ ಕಿವಿರುಗಳು ಬಿಳಿ, ಬಲಿತಾಗ ಮಾಸಲು ಗುಲಾಬಿ. ದಂಟು ನೆಲಮಟ್ಟದಲ್ಲಿ ಮುಗಿಯುವುದಿಲ್ಲ. ಬೇರಿನ ಹಾಗೆ ತೆಳ್ಳಗಾಗುತ್ತ ಕೆಳಗಿನ ಗೆದ್ದಲ ಕೋಣೆಯವರೆಗೂ ಇಳಿಯುತ್ತದೆ. ಬಲ್ಲವರು ಈ ಬೇರನ್ನು ನೋಡದೆ ಅಣಬೆಯನ್ನು ನಂಬುವುದಿಲ್ಲ.

ಮಾರಾಟ. ಮುಂಬಯಿಯಲ್ಲಿ ಕಾಡಣಬೆಯ ತಿಳಿವಳಿಕೆ ವಾರ್ಲಿ, ಕೋಕಣಾ, ಮಲ್ಹಾರ್ ಕೋಳಿ, ಕಾತ್ಕರಿ ಸಮುದಾಯಗಳದ್ದು. ಪಾಲ್ಘರ್ ಕಡೆಯ ಹೆಂಗಸರು ನಸುಕಿನಲ್ಲಿ ಆರಿಸಿ, ಬುಟ್ಟಿ ಹೊತ್ತು ಲೋಕಲ್ ರೈಲಿನಲ್ಲಿ ವಿರಾರ್, ವಸಯಿ, ಬೊರಿವಲಿಗೆ ಬಂದು ಸ್ಟೇಶನ್ನಿನ ಹೊರಗೆ ಕೂರುತ್ತಾರೆ. ತಕ್ಕಡಿಯಿಲ್ಲ, ಸಾಗುವಾನಿ ಎಲೆಯ ಮೇಲೆ ಪಾಲು ಹಾಕಿಟ್ಟ ಗುಪ್ಪೆಗೆ ಇಷ್ಟು ಎಂದು ದರ. ಈ ಗುಪ್ಪೆಗೆ ವಾಟಾ ಎನ್ನುತ್ತಾರೆ. ಅಣಬೆಯ ಪಕ್ಕದಲ್ಲಿ ಶೇವಳಾ, ಟಾಕಳಾ, ಕರ್ಟೋಲಿ ಇರುತ್ತವೆ. ಟಾಕಳಾ ಎಂದರೆ ನಮ್ಮ ತಗಟೆ ಸೊಪ್ಪು, ತುಳುವರ ತಜಂಕ್. ಕರ್ಟೋಲಿ ನಮ್ಮ ಮಾಡಹಾಗಲ. ಇಂಥ ಕಾಡುತರಕಾರಿಗಳಿಗೆ ಒಟ್ಟಾಗಿ ರಾನ್‌ಭಾಜಿ ಎಂದು ಹೆಸರು. ಮಹಾರಾಷ್ಟ್ರದ ಕೃಷಿ ಇಲಾಖೆ ಆಗಸ್ಟ್ 9ರ ವಿಶ್ವ ಆದಿವಾಸಿ ದಿನದ ಸುಮಾರಿಗೆ ಇವುಗಳ ಉತ್ಸವ ನಡೆಸುತ್ತದೆ. ಮೊಗ್ಗಿನ ಸ್ಥಿತಿಯ ಅಣಬೆಗೆ ದರ ಹೆಚ್ಚು, ಅರಳಿದ್ದಕ್ಕೆ ಕಡಿಮೆ. ಹನ್ನೊಂದು ಗಂಟೆಯ ಮೇಲೆ ಅರಳಿದ್ದು ಕಪ್ಪಿಡತೊಡಗುತ್ತದೆ, ಚೌಕಾಶಿಯೂ ಆಗಲೇ ಶುರು. ಶ್ರಾವಣದಲ್ಲಿ ಮಾಂಸ, ಮೀನು ಬಿಟ್ಟ ಮರಾಠಿ ಮನೆಗಳಲ್ಲಿ ಅಣಬೆಗೆ ವಿಶೇಷ ಮರ್ಯಾದೆ.

ಇದಕ್ಕೆ ವಿರುದ್ಧವಾದ ಸಂಪ್ರದಾಯವೂ ಇದೆ. ಮನುಸ್ಮೃತಿ ಅಣಬೆಯನ್ನು ಬೆಳ್ಳುಳ್ಳಿ, ಈರುಳ್ಳಿಗಳ ಸಾಲಿನಲ್ಲಿಟ್ಟು ನಿಷೇಧಿಸಿತು. ಉಡುಪಿಯ ಮಠದ ಪದ್ಧತಿಯ ಅಡುಗೆಯಲ್ಲಿ ಅದಕ್ಕೆ ಜಾಗವಿಲ್ಲ. ಹಾಗಾಗಿ ಮುಂಬಯಿಗೆ ಇಡ್ಲಿ, ದೋಸೆಗಳ ರುಚಿ ಹತ್ತಿಸಿದ ಉಡುಪಿ ಹೋಟೆಲುಗಳ ಹಳೆಯ ತಲೆಮಾರು ಕರಾವಳಿಯ ಅಣಬೆ ಗಸಿಯನ್ನು ಊಟದೆಲೆಗೆ ತರಲಿಲ್ಲ. ಅದು ಮನೆಯ ಅಡುಗೆಯಾಗಿಯೇ ಉಳಿಯಿತು.

ಕಲ್ಲಣಬೆ. ಆಸ್ಟ್ರಿಯಸ್ ಕುಲದ, ಕೊಡೆಯೂ ದಂಟೂ ಇಲ್ಲದ, ನೆಲದಲ್ಲಿ ಅರ್ಧ ಹೂತಿರುವ ಗೋಲಿಯಂಥ ಅಣಬೆ. ಕಾರ್ಕಳ, ಮೂಡುಬಿದಿರೆ, ಬೆಳ್ತಂಗಡಿ, ಕಾಸರಗೋಡು ಕಡೆ ಮೊದಲ ಮಳೆಯ ಬೆನ್ನಿಗೇ ಸಿಗುತ್ತದೆ. ಕಿಲೋಗೆ ಹಲವು ನೂರು ರೂಪಾಯಿ ಕೊಟ್ಟು ಕೊಳ್ಳುವವರಿದ್ದಾರೆ. ಮಂಗಳೂರು ವಿಶ್ವವಿದ್ಯಾಲಯದ ಜೀವವಿಜ್ಞಾನಿಗಳು ಇದನ್ನೂ ಹುತ್ತದ ಅಣಬೆಯನ್ನೂ ಕುರಿತು ಸಾಕಷ್ಟು ಸಂಶೋಧನೆ ಮಾಡಿದ್ದಾರೆ. ಬೋಗಿ, ಧೂಪದಂಥ ಮರಗಳ ಬೇರಿನೊಡನೆ ಕೊಡುಕೊಳ್ಳುವ ಸಂಬಂಧವಿಟ್ಟುಕೊಂಡು ಇದು ಬದುಕುತ್ತದೆ. ಜಾರ್ಖಂಡದಲ್ಲಿ ರುಗ್ಡಾ ಎಂದು ಮಾರುವುದೂ ಇದೇ ಕುಲದ್ದು. ಅಲ್ಲಿ ಅದರ ಜೊತೆಗಾರ ಬೋಗಿ, ಧೂಪಗಳ ಕುಟುಂಬದ್ದೇ ಆದ ಸಾಲ ಮರ. ಮುಂಬಯಿಯ ಸಾಗುವಾನಿ ಕಾಡಿನಲ್ಲಿ ಆ ಕುಟುಂಬದ ಮರಗಳು ಸಹಜವಾಗಿ ಬೆಳೆಯುವುದಿಲ್ಲ.

1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿ ತೆರೆದ ಮೇಲೆ ಊರು ಒಂದು ರಾತ್ರಿಯ ದೂರಕ್ಕೆ ಬಂತು. ಹುತ್ತದ ಅಣಬೆ ಆ ಒಂದು ರಾತ್ರಿಯನ್ನೂ ತಾಳಲಾರದು, ಕಲ್ಲಣಬೆ ತಾಳುತ್ತದೆ. ಡೊಂಬಿವಲಿ, ಮೀರಾ ರೋಡ್, ಭಾಂಡುಪ್‌ಗಳ ತುಳು ಮನೆಗಳಿಗೆ ಊರಿಂದ ಬರುವವರ ಚೀಲದಲ್ಲಿ ಅದು ಬರುವುದು ಈ ಗಟ್ಟಿತನದಿಂದಲೇ. ತೊಳೆಯುವುದೇ ದೊಡ್ಡ ಕೆಲಸ. ಮಣ್ಣು ಬಿಡಲು ನಾಲ್ಕೈದು ನೀರು ಬೇಕು. ಆಮೇಲೆ ಒಂದೊಂದನ್ನೂ ಎರಡಾಗಿ ಹೆಚ್ಚಬೇಕು. ಒಳಗೆ ಬೆಳ್ಳಗೆ ತುಂಬಿಕೊಂಡಿದ್ದರೆ ಪಾತ್ರೆಗೆ, ಕಪ್ಪಾಗಿದ್ದರೆ ತಿಪ್ಪೆಗೆ. ಸೀಳಿದಾಗ ಒಳಗೆ ಪುಟ್ಟ ಕೊಡೆ, ದಂಟಿನ ರೂಪುರೇಖೆ ಕಂಡರೆ ಅದು ಕಲ್ಲಣಬೆಯೇ ಅಲ್ಲ, ವಿಷದ ಅಮಾನಿಟಾದ ಮೊಗ್ಗೂ ಇರಬಹುದು. ಆಗ ಇಡೀ ರಾಶಿಯನ್ನು ಮತ್ತೆ ನೋಡಬೇಕು. ಹುರಿದ ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಚೂರು ಮೆಂತ್ಯ, ಬೆಳ್ಳುಳ್ಳಿ, ಹುಣಸೆಗಳನ್ನು ತೆಂಗಿನತುರಿಯೊಡನೆ ರುಬ್ಬಿ ಮಾಡಿದ ಗಸಿಯಲ್ಲಿ ಬೆಂದ ಮೇಲೂ ಹೊರಸಿಪ್ಪೆ ಹಲ್ಲಿಗೆ ಕಟುಕಟು ಎನ್ನುತ್ತದೆ. ನೀರ್‌ದೋಸೆಯೊಡನೆ ಇದಕ್ಕೆ ಸಾಟಿಯಿಲ್ಲ. ಹುತ್ತದ ಅಣಬೆ ಇಷ್ಟು ಮಸಾಲೆ ಕೇಳುವುದಿಲ್ಲ: ಈರುಳ್ಳಿ, ಹಸಿಮೆಣಸು, ಅರಿಸಿನ, ಉಪ್ಪು, ಒಂದೆರಡು ಕೋಕಂ ಸಿಪ್ಪೆ ಸಾಕು.

ಇತರ ಜಾತಿಗಳು. ಕೊಳೆತ ಕೊರಡಿನ ಮೇಲಿನ ಕಿವಿ ಅಣಬೆ, ಚಿಪ್ಪಿನಾಕಾರದ ಚಿಪ್ಪಣಬೆ, ಹುಲ್ಲುಮೆದೆಯ ಹುಲ್ಲಣಬೆ ಇವೂ ತಿನ್ನಬಹುದಾದವು. ಕೊನೆಯದು ಮೊಗ್ಗಿನಲ್ಲಿ ಅಮಾನಿಟಾವನ್ನು ಹೋಲುವುದರಿಂದ ಹೊಸಬರು ಮುಟ್ಟದಿರುವುದು ಮೇಲು.

ವಿಷ. ಮಹಾನಗರದಲ್ಲಿ ಅಪಾಯ ಕಾಡಿಗಿಂತ ವಸತಿ ಸೊಸೈಟಿಯ ಹುಲ್ಲುಹಾಸಿನಲ್ಲಿ ಹೆಚ್ಚು. ಮಳೆ ಬಿದ್ದ ವಾರದಲ್ಲೇ ಹುಲ್ಲಿನ ಮೇಲೆ ಸಾಲಾಗಿ, ವೃತ್ತವಾಗಿ ಏಳುವ, ಬಿಳಿಯ ಮೇಲೆ ಕಂದು ಚೆಕ್ಕೆಗಳಿರುವ ದೊಡ್ಡ ಕೊಡೆ ಸಾಮಾನ್ಯವಾಗಿ ಕ್ಲೋರೊಫಿಲ್ಲಮ್ ಮೊಲಿಬ್ಡೈಟಿಸ್. ನೋಡಲು ಬಲು ಚಂದ, ತಿಂದರೆ ಒಂದರಿಂದ ಮೂರು ಗಂಟೆಯೊಳಗೆ ವಾಂತಿ, ಭೇದಿ. ದಂಟಿನ ಮೇಲೆ ಬಳೆ ಇರುತ್ತದೆ, ನೆಲದೊಳಗೆ ಇಳಿಯುವ ಬೇರು ಇರುವುದಿಲ್ಲ, ಬಲಿತಾಗ ಕಿವಿರು ಹಸಿರುಬೂದು ಬಣ್ಣಕ್ಕೆ ತಿರುಗುತ್ತದೆ. ಕೊಡೆಯನ್ನು ಬಿಳಿಯ ಕಾಗದದ ಮೇಲೆ ಬೋರಲಿಟ್ಟು, ಬಟ್ಟಲು ಮುಚ್ಚಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಹಸಿರು ಧೂಳು ಬಿದ್ದಿರುತ್ತದೆ. ಹುತ್ತದ ಅಣಬೆಯ ಹಾಗೆ ಗುಲಾಬಿ ಧೂಳು ಬಿದ್ದ ಮಾತ್ರಕ್ಕೆ ಅಣಬೆ ನಿರಪಾಯಕಾರಿ ಎಂದೇನೂ ಅಲ್ಲ. ಗುಲಾಬಿ ಬೀಜಕದ ವಿಷದ ಅಣಬೆಗಳೂ ಇವೆ.

ಅಮಾನಿಟಾ ಕುಲದ ಮಾರಕ ಜಾತಿಗಳ ವಿಷ ಯಕೃತ್ತನ್ನು ಕೆಡಿಸುತ್ತದೆ. ಲಕ್ಷಣ ಕಾಣಲು ಆರು ಗಂಟೆಯ ಮೇಲಾಗುತ್ತದೆ, ಹಲವೊಮ್ಮೆ ಹನ್ನೆರಡು ಗಂಟೆಯೂ ಹಿಡಿಯುತ್ತದೆ. ನಡುವೆ ಹುಷಾರಾದಂತೆ ತೋರಿ ಆಮೇಲೆ ಕೈಮೀರುತ್ತದೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡಣಬೆ ತಿಂದು 13 ಮಂದಿ ಸತ್ತರು. ಬೇಯಿಸಿದರೆ ಈ ವಿಷ ಹೋಗುವುದಿಲ್ಲ. ಬೆಳ್ಳಿ ನಾಣ್ಯ ಕಪ್ಪಾದರೆ ವಿಷ, ಹುಳ ತಿಂದಿದ್ದರೆ ನಿರ್ವಿಷ, ಬೆಳ್ಳುಳ್ಳಿ ಬಣ್ಣ ತಿರುಗದಿದ್ದರೆ ಉಣ್ಣಬಹುದು ಎಂಬ ಅಡುಗೆಮನೆಯ ಪರೀಕ್ಷೆಗಳೆಲ್ಲ ಸುಳ್ಳು. ಅಣಬೆ ಕ್ಯಾಡ್ಮಿಯಂ, ಸೀಸ, ಪಾದರಸಗಳನ್ನು ಮಣ್ಣಿನಿಂದ ಹೀರಿ ಕೂಡಿಡುತ್ತದೆ. ಆದ್ದರಿಂದ ರೈಲು ಹಳಿ, ಹೆದ್ದಾರಿ, ಕಸದ ಗುಡ್ಡೆಗಳ ಬಳಿಯದ್ದು ಉಣ್ಣುವ ಜಾತಿಯಾಗಿದ್ದರೂ ಬೇಡ.

ಕಾನೂನು ಮತ್ತು ಉಳಿವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಉದ್ಯಾನದೊಳಗಿಂದ ಪರವಾನಗಿಯಿಲ್ಲದೆ ಏನನ್ನೂ ಕಿತ್ತು ತರುವಂತಿಲ್ಲ. ಭಾನುವಾರದ ತಿರುಗಾಟಕ್ಕೆ ಹೋದವರು ಬೊರಿವಲಿಯ ಕಾಡಿನಿಂದ ಅಣಬೆ ತುಂಬಿಕೊಂಡು ಬರುವುದು ಅಪರಾಧ. ಗೋವಾದಲ್ಲಿ ಇದೇ ಹುತ್ತದ ಅಣಬೆ ವಿಪರೀತ ಕೊಯ್ಲಿಗೆ ಸಿಕ್ಕಿದೆ; ಅಲ್ಲಿನ ವಿಜ್ಞಾನಿ ನಂದಕುಮಾರ ಕಾಮತ್ ಅದರ ರಕ್ಷಣೆಗಾಗಿ ಬಹುಕಾಲದಿಂದ ಬರೆಯುತ್ತ ಬಂದಿದ್ದಾರೆ. ಮೊಗ್ಗನ್ನೇ ಕಿತ್ತರೆ ಬೀಜಕ ಬೀಳುವುದಿಲ್ಲ, ಕೋಲಿನಿಂದ ಅಗೆದರೆ ಗೆದ್ದಲಿನ ಕೋಣೆಯೂ ಒಡೆಯುತ್ತದೆ. ಮುಂಬಯಿಯ ಹೊರವಲಯದಲ್ಲಿ ಗುಡ್ಡ ಕಡಿದು ಕಟ್ಟಡಗಳು ನಾಯಿಕೊಡೆಗಳಂತೆ ಎದ್ದಿರುವುದು ಇದಕ್ಕಿಂತ ದೊಡ್ಡ ಪೆಟ್ಟು.

ನಗರದಲ್ಲಿದ್ದು ಕಾಡಣಬೆ ತಿನ್ನಬೇಕೆನಿಸಿದವರು ತಾವೇ ಆರಿಸಲು ಹೋಗದೆ, ವರ್ಷವರ್ಷವೂ ಅದೇ ಜಾಗದಲ್ಲಿ ಕೂರುವ ಆದಿವಾಸಿ ಹೆಂಗಸಿನಿಂದ, ಬೇರು ಸಮೇತ ಇರುವುದನ್ನು, ಅವಳು ಹೇಳಿದ ಬೆಲೆಗೆ ಕೊಳ್ಳಲಿ. ಅಂದೇ ಚೆನ್ನಾಗಿ ಬೇಯಿಸಿ ತಿನ್ನಬೇಕು, ಮೊದಲ ಸಲ ಕಡಿಮೆ ತಿನ್ನಬೇಕು, ಒಂದು ಹಸಿ ಅಣಬೆಯನ್ನು ಕಾಗದದಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಬೇಕು. ಹೊಟ್ಟೆ ಕೆಟ್ಟರೆ ಅದನ್ನು ಹಿಡಿದುಕೊಂಡು ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ. ಯಾವ ಅಣಬೆ ಎಂದು ತಿಳಿದರೆ ವೈದ್ಯರ ಅರ್ಧ ಕೆಲಸ ಸುಲಭವಾಗುತ್ತದೆ.