ಲೆಮ್ಮಿಂಗ್‌ಗಳು ಸಾಮೂಹಿಕ ಆತ್ಮಹತ್ಯೆ ಮಾಡಿಕೊಳ್ಳುತ್ತವೆಯೇ?

1991ರಲ್ಲಿ ಬಂದ ‘ಲೆಮ್ಮಿಂಗ್ಸ್’ ವಿಡಿಯೊ ಗೇಮ್‌ನಲ್ಲಿ ಪುಟ್ಟ ಜೀವಿಗಳು ಸಾಲಾಗಿ ನಡೆಯುತ್ತಲೇ ಇರುತ್ತವೆ. ಎದುರಿಗೆ ಪ್ರಪಾತವಿದ್ದರೂ ನಿಲ್ಲುವುದಿಲ್ಲ. ಅವನ್ನು ನಾವು ನೇರವಾಗಿ ನಡೆಸುವಂತಿಲ್ಲ. ಅಗೆಯುವುದು, ಮೆಟ್ಟಿಲು ಕಟ್ಟುವುದು, ಅಡ್ಡ ನಿಲ್ಲುವುದು ಮುಂತಾದ 8 ಕೆಲಸಗಳನ್ನು ಕೆಲವಕ್ಕೆ ಹಂಚಿ, ಉಳಿದವನ್ನು ಬಾಗಿಲು ಮುಟ್ಟಿಸಬೇಕು.

ಆಟ ಚೆಂದ, ಅದರ ಹಿಂದಿನ ನಂಬಿಕೆ ಸುಳ್ಳು. ನಿಜವಾದ ಲೆಮ್ಮಿಂಗ್ ಉತ್ತರ ಧ್ರುವದ ಆಸುಪಾಸಿನ, ಇಲಿಯಂಥ ಪ್ರಾಣಿ. ಸಂಖ್ಯೆ ವಿಪರೀತ ಹೆಚ್ಚಿದಾಗ ಅವು ಹೊಸ ಜಾಗ ಹುಡುಕಿ ಹೊರಡುತ್ತವೆ. ನೀರು ದಾಟುವಾಗ ಕೆಲವು ಮುಳುಗುತ್ತವೆ. ಅದು ಆತ್ಮಹತ್ಯೆಯಲ್ಲ.

1958ರ ಡಿಸ್ನಿ ಸಾಕ್ಷ್ಯಚಿತ್ರ ‘ವೈಟ್ ವೈಲ್ಡರ್‌ನೆಸ್’ನಲ್ಲಿ ಅವು ಕಡಲಿಗೆ ಹಾರುವ ದೃಶ್ಯವಿದೆ. ಚಿತ್ರೀಕರಿಸಿದ್ದು ಕೆನಡಾದ ಆಲ್ಬರ್ಟಾದಲ್ಲಿ. ಅಲ್ಲಿ ಕಡಲೇ ಇಲ್ಲ! ತಂಡದವರೇ ಅವನ್ನು ನದಿಗೆ ತಳ್ಳಿದ್ದನ್ನು ಮುಂದೆ ಸಿಬಿಸಿ ವಾಹಿನಿ ಬಯಲಿಗೆಳೆಯಿತು.

ವಿಡಿಯೊ ಇದೆಯೆಂದ ಮಾತ್ರಕ್ಕೆ ನಿಜವಲ್ಲ. ಎಲ್ಲಿ, ಯಾರು ತೆಗೆದದ್ದೆಂದು ನೋಡಿಯೇ ಫಾರ್ವರ್ಡ್ ಮಾಡೋಣ.