ಕಾರ್ಯಾಚರಣ ವ್ಯವಸ್ಥೆ ಬದಲಾದ ಮೇಲೆ ವೈಫೈ ನಿಧಾನವೇ? ಕಲ್ಲುಗೋಡೆಯ ಊರುಗಳಿಗೊಂದು ಮಾರ್ಗದರ್ಶಿ

ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯನ್ನು ಹೊಸ ಆವೃತ್ತಿಗೆ ಏರಿಸಿದ ಮರುದಿನವೇ ಮನೆಯ ವೈಫೈ ಮಂದಗತಿಗೆ ಇಳಿಯಿತೆಂಬ ದೂರು ಹೊಸದೇನಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. 2021ರ ಅಕ್ಟೋಬರ್‌ನಲ್ಲೇ ಬಿಡುಗಡೆಯಾಗಿದ್ದ ವಿಂಡೋಸ್ 11ಕ್ಕೆ ಹೋಗಲು ಅಲ್ಲಿಯವರೆಗೆ ಹಿಂದೇಟು ಹಾಕಿದ್ದವರೂ ಆಗ ಮನಸ್ಸು ಮಾಡಬೇಕಾಯಿತು. ವ್ಯವಸ್ಥೆ ಬದಲಾಯಿತು, ಪರದೆಯ ರೂಪ ಬದಲಾಯಿತು. ಜೊತೆಗೆ ನಿನ್ನೆಯವರೆಗೆ ಸಲೀಸಾಗಿ ತೆರೆಯುತ್ತಿದ್ದ ಪುಟಗಳು ತಡವರಿಸತೊಡಗಿದರೆ ಬಳಕೆದಾರರ ಸಂಶಯ ಹೊಸ ಆವೃತ್ತಿಯ ಮೇಲೆಯೇ ಬೀಳುವುದು ಸಹಜ.

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿಯಂತಹ ಊರುಗಳಲ್ಲಿ ಈ ಸಮಸ್ಯೆಗೆ ಇನ್ನೊಂದು ಮುಖವಿದೆ. ಇದು ಸುಣ್ಣಕಲ್ಲಿನ ಸೀಮೆ. ಇಲ್ಲಿನ ಸಿಮೆಂಟ್ ಕಾರ್ಖಾನೆಗಳಿಗೂ, ದೇಶದ ನಾನಾ ಕಡೆಗೆ ಹೋಗುವ ಶಹಾಬಾದ್ ಪರಸಿಗೂ ಅದೇ ಕಲ್ಲು ಮೂಲ. ನೆಲಕ್ಕೆ, ಮಾಳಿಗೆಗೆ, ಗೋಡೆಗೆ ಕಲ್ಲನ್ನೇ ಬಳಸಿ ಕಟ್ಟಿದ ಹಳೆಯ ಮನೆಗಳಲ್ಲಿ ಒಂದೂವರೆ-ಎರಡು ಅಡಿ ದಪ್ಪದ ಗೋಡೆ ಅಪರೂಪವಲ್ಲ. ಬೇಸಿಗೆಯಲ್ಲಿ ತಂಪು ನೀಡುವ ಈ ಗೋಡೆಯೇ ನಿಸ್ತಂತು ಅಲೆಗಳಿಗೆ ದೊಡ್ಡ ಅಡ್ಡಿ.

ನಿಧಾನದಿಂದ ಆಗುವ ನಷ್ಟ ಚಲನಚಿತ್ರ ನೋಡಲಾಗದ ಬೇಸರಕ್ಕೆ ಮುಗಿಯುವುದಿಲ್ಲ. ಕಲ್ಲು ಪಾಲಿಶ್ ಘಟಕದವರು ತಿಂಗಳ 20ರೊಳಗೆ ಜಿಎಸ್‌ಟಿ ಮಾಸಿಕ ವಿವರ ಸಲ್ಲಿಸಬೇಕು. ತಪ್ಪಿದರೆ ತೆರಿಗೆಯಿರುವ ವಿವರಕ್ಕೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ. ಪರೀಕ್ಷಾ ಪ್ರಾಧಿಕಾರಕ್ಕೆ ಅರ್ಜಿ ಹಾಕುವ ವಿದ್ಯಾರ್ಥಿಗೂ ಕೊನೆಯ ದಿನಾಂಕವೆಂಬುದು ಇದ್ದೇ ಇರುತ್ತದೆ. ಇಂಥ ಆತುರದಲ್ಲಿ ಸುಲಭವಾಗಿ ಸಿಗುವ ಸಲಹೆಯೆಂದರೆ 'ಫಾರ್ಮ್ಯಾಟ್ ಮಾಡಿಸಿಬಿಡಿ' ಎಂಬುದು. ಪ್ರತಿ ಇಟ್ಟುಕೊಳ್ಳದೆ ಹಾಗೆ ಮಾಡಿಸಿದರೆ ಟ್ಯಾಲಿಯಲ್ಲಿದ್ದ ಲೆಕ್ಕ, ನುಡಿ ಅಥವಾ ಬರಹದಲ್ಲಿ ಬೆರಳಚ್ಚಿಸಿದ ಕಾಗದಪತ್ರ, ಮನೆಯ ಛಾಯಾಚಿತ್ರಗಳು ಒಮ್ಮೆಗೇ ಹೋಗುತ್ತವೆ. ವೈಫೈ ನಿಧಾನವಾದುದಕ್ಕೆ ಗಣಕವನ್ನು ಬರಿದು ಮಾಡಬೇಕಾದ ಪ್ರಸಂಗ ತೀರಾ ವಿರಳ.

ದೋಷ ಎಲ್ಲಿದೆ?

ಅಂತರಜಾಲದ ದತ್ತಾಂಶ ಮನೆಯ ಗಣಕವನ್ನು ತಲುಪುವ ಕೊನೆಯ ದಾರಿಯಲ್ಲಿ ಮೂರು ಹಂತಗಳಿವೆ: ಸೇವಾ ಸಂಸ್ಥೆಯಿಂದ ರೂಟರ್‌ವರೆಗಿನ ತಂತಿ, ರೂಟರ್‌ನಿಂದ ಗಣಕದವರೆಗಿನ ಗಾಳಿಯ ಮಾರ್ಗ ಮತ್ತು ಗಣಕದ ಒಳಗಿನ ವ್ಯವಹಾರ. ಕಾರ್ಯಾಚರಣ ವ್ಯವಸ್ಥೆಯ ಬದಲಾವಣೆ ಮೊದಲನೆಯದನ್ನು ಮುಟ್ಟುವುದೇ ಇಲ್ಲ. ಎರಡನೆಯದರಲ್ಲಿ ಗಣಕದ ತುದಿಯನ್ನಷ್ಟೇ ಮುಟ್ಟುತ್ತದೆ. ಮೂರನೆಯದು ಪೂರ್ತಿ ಅದರ ಅಧೀನ.

ಆದ್ದರಿಂದ ಮೊದಲು ಮಾಡಬೇಕಾದ ಕೆಲಸ ಹೋಲಿಕೆ. ಗಣಕವಿರುವ ಮೇಜಿನ ಮೇಲೆಯೇ ಮೊಬೈಲ್ ಫೋನನ್ನೂ ಇಟ್ಟು, ಅದರ ಮೊಬೈಲ್ ಡೇಟಾ ನಿಲ್ಲಿಸಿ, ಎರಡನ್ನೂ ಒಂದೇ ವೈಫೈಗೆ ಜೋಡಿಸಿ, ಒಂದಾದ ಮೇಲೊಂದರಂತೆ ವೇಗವನ್ನು ಅಳೆಯಬೇಕು. ಫೋನಿನಲ್ಲೂ ವೇಗ ಕುಸಿದಿದ್ದರೆ ಹೊಸ ಆವೃತ್ತಿಯ ಚಾಲಕವನ್ನು ದೂರುವುದು ವ್ಯರ್ಥ. ಫೋನಿನಲ್ಲಿ ಸರಿಯಿದ್ದು ಗಣಕದಲ್ಲಿ ಮಾತ್ರ ಕಡಿಮೆಯಿದ್ದರೆ ತನಿಖೆ ಮುಂದುವರಿಯುತ್ತದೆ. ಆಗ ರೂಟರ್‌ಗೂ ಗಣಕಕ್ಕೂ ನಡುವೆ ಕೇಬಲ್ ಹಾಕಿ ಮತ್ತೊಮ್ಮೆ ಅಳೆಯಬೇಕು. ಕೇಬಲ್‌ನಲ್ಲಿ ವೇಗವಿದ್ದು ವೈಫೈಯಲ್ಲಿ ಇಲ್ಲದಿದ್ದರೆ ದೋಷ ನಿಸ್ತಂತು ಭಾಗದ್ದು. ಎರಡರಲ್ಲೂ ಇಲ್ಲದಿದ್ದರೆ ಗಣಕದೊಳಗೆ ಯಾವುದೋ ತಂತ್ರಾಂಶ ದಾರಿಯನ್ನು ಆಕ್ರಮಿಸಿದೆ ಎಂದರ್ಥ.

ಅಳತೆಯ ಮಾನದ ಬಗೆಗೆ ಒಂದು ಮಾತು. ಸೇವಾ ಸಂಸ್ಥೆಗಳು ಹೇಳುವುದು ಮೆಗಾಬಿಟ್ ಲೆಕ್ಕ. ಕಡತ ಇಳಿಸಿಕೊಳ್ಳುವಾಗ ಪರದೆಯಲ್ಲಿ ಕಾಣುವುದು ಹೆಚ್ಚಾಗಿ ಮೆಗಾಬೈಟ್ ಲೆಕ್ಕ. ಎಂಟು ಬಿಟ್ ಸೇರಿ ಒಂದು ಬೈಟ್ ಆಗುವುದರಿಂದ 40 ಮೆಗಾಬಿಟ್ ಯೋಜನೆಯಲ್ಲಿ ಸೆಕೆಂಡಿಗೆ 5 ಮೆಗಾಬೈಟ್ ಬಂದರೆ ಅದು ಪೂರ್ಣ ವೇಗವೇ ಹೊರತು ಮೋಸವಲ್ಲ.

ಏರಿಕೆಯಾದ ಮೊದಲ ದಿನದ ಅಳತೆಯನ್ನು ನಂಬಲಾಗದು. ಹೊಸ ವ್ಯವಸ್ಥೆ ಬಂದ ಮೇಲೂ ಬಾಕಿ ಪರಿಷ್ಕರಣೆಗಳು, ಅಂಗಡಿ ಆ್ಯಪ್‌ಗಳ ನವೀಕರಣ, ಕಡತಗಳ ಸೂಚಿ ತಯಾರಿಕೆ ಹಿನ್ನೆಲೆಯಲ್ಲಿ ಗಂಟೆಗಟ್ಟಲೆ ನಡೆಯುತ್ತವೆ. ಗಣಕವನ್ನು ಒಂದು ರಾತ್ರಿ ಚಾಲೂ ಇಟ್ಟು, ಬೆಳಿಗ್ಗೆ ಮರುಪ್ರಾರಂಭಿಸಿ ನೋಡುವುದು ಲೇಸು.

ಕಲ್ಲುಗೋಡೆ ಮತ್ತು ಎರಡು ತರಂಗಪಟ್ಟಿ

ಮನೆಯ ರೂಟರ್‌ಗಳು ಸಾಮಾನ್ಯವಾಗಿ ಬಳಸುವುದು 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳನ್ನು. ಮೊದಲನೆಯದು ಗೋಡೆಯನ್ನು ಒಂದಿಷ್ಟು ದಾಟುತ್ತದೆ, ಆದರೆ ಇಕ್ಕಟ್ಟಿನದು. ಅದರಲ್ಲಿ ಒಂದರ ಮೇಲೊಂದು ಬೀಳದ ವಾಹಿನಿಗಳು 1, 6 ಮತ್ತು 11 ಎಂಬ ಮೂರೇ. ನೆರೆಮನೆಯ ರೂಟರ್, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಅಲ್ಲಿಯೇ ಸೇರುತ್ತವೆ. ಎರಡನೆಯದು ವಿಶಾಲ ಮತ್ತು ವೇಗದ್ದು. ದಪ್ಪ ಕಲ್ಲಿನೆದುರು ಮಾತ್ರ ಬೇಗ ಸೋಲುತ್ತದೆ. ಭಾರತದಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ ಬಹುಭಾಗ ಪರವಾನಗಿ ಮುಕ್ತವಾದದ್ದು 2018ರಲ್ಲಿ.

ಗೋಡೆ ಮೊದಲೂ ಇತ್ತು, ಈಗಲೂ ಇದೆ. ಹಾಗಾದರೆ ಹೊಸ ಆವೃತ್ತಿಯ ಮೇಲೇಕೆ ಆಪಾದನೆ ಎಂಬ ಪ್ರಶ್ನೆ ಸಮಂಜಸವೇ. ಎರಡು ಪಟ್ಟಿಗಳ ಪೈಕಿ ಯಾವುದನ್ನು ಹಿಡಿಯಬೇಕು, ಸಂಕೇತ ಎಷ್ಟು ಕ್ಷೀಣಿಸಿದಾಗ ಬಿಟ್ಟು ಇನ್ನೊಂದಕ್ಕೆ ಹಾರಬೇಕು ಎಂಬ ನಿರ್ಧಾರದಲ್ಲಿ ಗಣಕದ ವೈಫೈ ಚಾಲಕ ತಂತ್ರಾಂಶದ ಪಾತ್ರ ದೊಡ್ಡದು. ಏರಿಕೆಯ ವೇಳೆ ಈ ಚಾಲಕ ಬದಲಾದರೆ ನಿರ್ಧಾರವೂ ಬದಲಾಗಬಹುದು. ತೆಳುಗೋಡೆಯ ಮನೆಯಲ್ಲಿ ಸಂಕೇತ ಧಾರಾಳವಾಗಿರುವುದರಿಂದ ಇಂಥ ವ್ಯತ್ಯಾಸ ಗಮನಕ್ಕೇ ಬಾರದು. ಪಡಸಾಲೆಯಲ್ಲಿ ರೂಟರ್, ಎರಡು ಕಲ್ಲುಗೋಡೆಯಾಚೆ ಓದುವ ಕೋಣೆ ಇರುವ ಮನೆಯಲ್ಲಿ ಸಂಕೇತ ಮೊದಲೇ ಅಂಚಿನಲ್ಲಿರುತ್ತದೆ. ಸಣ್ಣ ಬದಲಾವಣೆಯೂ ಅಲ್ಲಿ ಎದ್ದು ಕಾಣುತ್ತದೆ.

ಇದನ್ನು ಊಹಿಸಬೇಕಾಗಿಲ್ಲ, ಓದಬಹುದು. ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಆ್ಯಂಡ್ ಇಂಟರ್‌ನೆಟ್, ಅದರೊಳಗೆ ವೈಫೈ, ಅಲ್ಲಿ ಸದ್ಯದ ಸಂಪರ್ಕದ ಪ್ರಾಪರ್ಟೀಸ್ ತೆರೆದರೆ ತರಂಗಪಟ್ಟಿ ಮತ್ತು ಲಿಂಕ್ ಸ್ಪೀಡ್ ಎಂಬ ಎರಡು ವಿವರಗಳು ಕಾಣುತ್ತವೆ. ಇದು ರೂಟರ್‌ಗೂ ಗಣಕಕ್ಕೂ ನಡುವಿನ ಒಪ್ಪಂದದ ವೇಗ; ಅಂತರಜಾಲದ ವೇಗವಲ್ಲ. ಈ ಅಂಕಿ 433 ಅಥವಾ 866ರ ಆಸುಪಾಸಿನಲ್ಲಿದ್ದರೆ ಗಣಕವು 5 ಗಿಗಾಹರ್ಟ್ಸ್‌ನಲ್ಲಿ ಚೆನ್ನಾಗಿಯೇ ಇದೆ. 72 ಅಥವಾ 144 ಕಂಡರೆ ಅದು 2.4ಕ್ಕೆ ಜಾರಿರುವ ಸಾಧ್ಯತೆ ಹೆಚ್ಚು; ಪಟ್ಟಿಯ ವಿವರ ಅದನ್ನು ಖಚಿತಪಡಿಸುತ್ತದೆ. ವಾಸ್ತವದಲ್ಲಿ ಸಿಗುವ ವೇಗ ಲಿಂಕ್ ಸ್ಪೀಡ್‌ನ ಅರ್ಧದ ಆಸುಪಾಸಿನಲ್ಲಿರುವುದು ಸಾಮಾನ್ಯ. 100 ಮೆಗಾಬಿಟ್ ಯೋಜನೆಗೆ ಹಣ ಕಟ್ಟಿದವರಿಗೆ 30-35 ಮಾತ್ರ ಸಿಗುತ್ತಿದ್ದರೆ ಕಾರಣ ಇಲ್ಲಿಯೇ ಇರಬಹುದು.

ಲಿಂಕ್ ಸ್ಪೀಡ್ ಸರಿಯಾಗಿ 54ಕ್ಕೆ ನಿಂತಿದ್ದರೆ ಕಥೆ ಬೇರೆ. ಹಳೆಯ ರೂಟರ್‌ನ ಭದ್ರತಾ ಕ್ರಮ ಟಿಕೆಐಪಿ ಎಂಬ ಹಿಂದಿನ ಕಾಲದ ಗೂಢಲಿಪಿಗೆ ಹೊಂದಿಸಿರುವ ಲಕ್ಷಣವದು. 2009ರ 802.11ಎನ್ ಮಾನದಂಡದ ಹೆಚ್ಚಿನ ವೇಗಗಳನ್ನು ಆ ಗೂಢಲಿಪಿಯೊಂದಿಗೆ ಬಳಸುವಂತಿಲ್ಲ. ಸಂಪರ್ಕ ತಾನಾಗಿ 2003ರ 'ಜಿ' ಮಾನದಂಡದ 54 ಮೆಗಾಬಿಟ್‌ಗೆ ಇಳಿಯುತ್ತದೆ. ರೂಟರ್‌ನ ನಿರ್ವಹಣಾ ಪುಟದಲ್ಲಿ ಡಬ್ಲ್ಯುಪಿಎ2 ಮತ್ತು ಎಇಎಸ್ ಆಯ್ಕೆ ಮಾಡಿದರೆ ವೇಗವೂ ಸುರಕ್ಷತೆಯೂ ಒಟ್ಟಿಗೆ ಸುಧಾರಿಸುತ್ತವೆ. 2019ರ ವಿಂಡೋಸ್ 10 ಆವೃತ್ತಿಯಿಂದ ಇಂಥ ಸಂಪರ್ಕಕ್ಕೆ 'ಸುರಕ್ಷಿತವಲ್ಲ' ಎಂಬ ಎಚ್ಚರಿಕೆಯೂ ಬರತೊಡಗಿತು. ಅದನ್ನು ಓದದೆ ಮುಚ್ಚುವವರೇ ಹೆಚ್ಚು.

ಗಣಕ 2.4ರಲ್ಲಿಯೇ ಉಳಿದಿದ್ದರೆ ರೂಟರ್‌ನಲ್ಲಿ ಎರಡು ಪಟ್ಟಿಗಳಿಗೂ ಬೇರೆ ಬೇರೆ ಹೆಸರು ಕೊಟ್ಟು 5ರ ಹೆಸರಿಗೆ ಜೋಡಿಸಿ ನೋಡಬೇಕು. ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಅಡಾಪ್ಟರ್‌ನ ಅಡ್ವಾನ್ಸ್‌ಡ್ ಪುಟದಲ್ಲಿಯೂ ಹಲವು ಚಾಲಕಗಳು ಆದ್ಯತೆಯ ಪಟ್ಟಿಯನ್ನು ಆರಿಸಲು ಅವಕಾಶ ಕೊಡುತ್ತವೆ. ಹಿಂಗೋಣೆಯಲ್ಲಿ 5 ತಲುಪುವುದೇ ಇಲ್ಲವೆಂದಾದರೆ ತಂತ್ರಾಂಶದ ಕಸರತ್ತು ಸಾಕು. ರೂಟರನ್ನು ಗೋಡೆಯ ಮಾಡದಲ್ಲಿ ಕೂರಿಸುವ ರೂಢಿ ಹಳೆಯ ಮನೆಗಳಲ್ಲಿದೆ; ಮೂರು ಬದಿ ಕಲ್ಲು, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿ, ಗಾಳಿಯಾಡದ ಜಾಗ. ಅದನ್ನು ಹೊರತೆಗೆದು ಬಾಗಿಲುಗಳು ಎದುರುಬದುರಾಗುವ ಕಡೆ, ಕಬ್ಬಿಣದ ಅಲಮಾರಿಯಿಂದ ದೂರ, ಎತ್ತರದಲ್ಲಿ ಇರಿಸುವುದು ಖರ್ಚಿಲ್ಲದ ಪರಿಹಾರ. ಅದೂ ಸಾಲದಿದ್ದರೆ ಕೇಬಲ್ ಎಳೆದು ಒಳಕೋಣೆಯಲ್ಲಿ ಇನ್ನೊಂದು ಅಕ್ಸೆಸ್ ಪಾಯಿಂಟ್ ಹಾಕುವುದು ಉತ್ತಮ. ತಂತಿಯಿಲ್ಲದ ರಿಪೀಟರ್‌ಗಳು ಅಗ್ಗವಾದರೂ ಒಂದೇ ಪಟ್ಟಿಯಲ್ಲಿ ಪಡೆದು ಅದರಲ್ಲೇ ಮರಳಿ ಕಳುಹಿಸುವಂಥವು ವೇಗವನ್ನು ಸುಮಾರು ಅರ್ಧಕ್ಕಿಳಿಸುತ್ತವೆ.

ಚಾಲಕ ತಂತ್ರಾಂಶ

ಏರಿಕೆಯ ಸಮಯದಲ್ಲಿ ಗಣಕ ತಯಾರಕರು ಕೊಟ್ಟ ಚಾಲಕದ ಜಾಗಕ್ಕೆ ವಿಂಡೋಸ್ ತನ್ನ ಭಂಡಾರದ ಸಾಮಾನ್ಯ ಚಾಲಕವನ್ನು ಕೂರಿಸುವುದುಂಟು. ಸಂಪರ್ಕ ಸಿಗುತ್ತದೆ, ವೇಗ ಸಿಗುವುದಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಅಡಾಪ್ಟರ್‌ನ ಡ್ರೈವರ್ ಪುಟ ತೆರೆದು ಒದಗಿಸಿದವರ ಹೆಸರು ಮತ್ತು ದಿನಾಂಕ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ರೋಲ್ ಬ್ಯಾಕ್ ಗುಂಡಿ ಚಾಲನೆಯಲ್ಲಿದ್ದರೆ ಹಿಂದಿನ ಚಾಲಕಕ್ಕೆ ಮರಳಬಹುದು. ಇಲ್ಲವಾದರೆ ಲ್ಯಾಪ್‌ಟಾಪ್‌ನ ಅಡಿಯಲ್ಲಿ ಬರೆದ ಮಾದರಿ ಸಂಖ್ಯೆಯ ಮೂಲಕ ತಯಾರಕರ ತಾಣದಿಂದಲೇ ಹೊಸ ಚಾಲಕವನ್ನು ಪಡೆಯಬೇಕು. 'ಎಲ್ಲ ಚಾಲಕಗಳನ್ನೂ ಒಂದೇ ಏಟಿಗೆ ನವೀಕರಿಸುತ್ತೇವೆ' ಎನ್ನುವ ಅನಾಮಿಕ ತಂತ್ರಾಂಶಗಳ ಗೊಡವೆ ಬೇಡ.

ಅಲ್ಲಿಯೇ ಪವರ್ ಮ್ಯಾನೇಜ್‌ಮೆಂಟ್ ಪುಟವಿದ್ದರೆ, ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಲು ಅನುಮತಿ ನೀಡುವ ಗುರುತನ್ನು ತೆಗೆದು ನೋಡಬೇಕು. ಬ್ಯಾಟರಿಯಲ್ಲಿ ನಿಧಾನ, ವಿದ್ಯುತ್ ಜೋಡಿಸಿದಾಗ ಸರಿ ಎಂಬ ವಿಚಿತ್ರ ದೂರಿನ ಹಿಂದೆ ಇಂಥ ಉಳಿತಾಯವೇ ಇರುತ್ತದೆ. ಹಳೆಯ ವಿಪಿಎನ್ ತಂತ್ರಾಂಶದ ಅವಶೇಷವೂ ತೊಡಕು ತರಬಲ್ಲದು. 2015ರಲ್ಲಿ ವಿಂಡೋಸ್ 10ಕ್ಕೆ ಏರಿದ ಕೆಲವು ಗಣಕಗಳಲ್ಲಿ ಹಳೆಯ ವಿಪಿಎನ್ ಗ್ರಾಹಕ ತಂತ್ರಾಂಶದಿಂದ ಜಾಲಸಂಪರ್ಕವೇ ಕೆಟ್ಟದ್ದನ್ನು ಮೈಕ್ರೋಸಾಫ್ಟ್ ಒಪ್ಪಿಕೊಂಡು ಪರಿಹಾರ ಪ್ರಕಟಿಸಿತ್ತು.

ಇದು ಒಂದೇ ಸಂಸ್ಥೆಯ ಕಥೆಯೂ ಅಲ್ಲ. 2007ರ ವಿಂಡೋಸ್ ವಿಸ್ಟಾದಲ್ಲಿ ಹಾಡು ಹಾಕಿದೊಡನೆ ಜಾಲದ ವೇಗ ಕುಸಿಯುತ್ತಿತ್ತು. ಧ್ವನಿ ತುಂಡಾಗದಿರಲೆಂದು ವ್ಯವಸ್ಥೆಯೇ ಜಾಲಕ್ಕೆ ಕಡಿವಾಣ ಹಾಕುತ್ತಿದ್ದುದು ಅದಕ್ಕೆ ಕಾರಣ. ಆ್ಯಪಲ್ 2014ರಲ್ಲಿ ಹೊರತಂದ ಯೊಸೆಮಿಟಿ ಆವೃತ್ತಿಯಲ್ಲಿ ವೈಫೈ ದೂರುಗಳು ತಿಂಗಳುಗಟ್ಟಲೆ ನಿಲ್ಲಲಿಲ್ಲ. ಹೆಸರು ಹುಡುಕುವ ಕೆಲಸಕ್ಕೆಂದು ತಂದಿದ್ದ ಹೊಸ ತಂತ್ರಾಂಶವನ್ನು ಕೈಬಿಟ್ಟು ಅದು ಹಳೆಯದಕ್ಕೇ ಮರಳಿದ್ದು 2015ರ ಜೂನ್ ಕೊನೆಯಲ್ಲಿ.

ಕಾಣದ ಸಂಚಾರ

ಕೇಬಲ್‌ನಲ್ಲೂ ನಿಧಾನವಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು, ಪ್ರೊಸೆಸಸ್ ಪುಟದಲ್ಲಿ ನೆಟ್‌ವರ್ಕ್ ಕಂಬಸಾಲಿನ ಮೇಲೆ ಒತ್ತಿದರೆ ದತ್ತಾಂಶ ನುಂಗುತ್ತಿರುವವರ ಹೆಸರು ಮೇಲೆ ಬರುತ್ತದೆ. ಎರಡು ಹೆಸರು ಪದೇ ಪದೇ ಸಿಗುತ್ತವೆ. ಒಂದು, ಡೆಲಿವರಿ ಆಪ್ಟಿಮೈಸೇಶನ್. ಒಂದು ಗಣಕ ಪಡೆದ ಪರಿಷ್ಕರಣೆಯನ್ನು ಇತರ ಗಣಕಗಳಿಗೆ ಹಂಚುವ ಏರ್ಪಾಡಿದು. 2015ರಲ್ಲಿ ವಿಂಡೋಸ್ 10 ಬಂದಾಗ ಮನೆಬಳಕೆಯ ಆವೃತ್ತಿಗಳಲ್ಲಿ ಅಂತರಜಾಲದ ಅಪರಿಚಿತ ಗಣಕಗಳಿಗೂ ಹಂಚುವ ಆಯ್ಕೆ ತಾನಾಗಿಯೇ ಚಾಲೂ ಇದ್ದು ಟೀಕೆಗೆ ಗುರಿಯಾಗಿತ್ತು. ವಿಂಡೋಸ್ ಅಪ್‌ಡೇಟ್‌ನ ಅಡ್ವಾನ್ಸ್‌ಡ್ ಆಪ್ಶನ್ಸ್ ಒಳಗೆ ಇದನ್ನು ನಿಲ್ಲಿಸಬಹುದು. ಇನ್ನೊಂದು ಒನ್‌ಡ್ರೈವ್. ಹೊಸ ವ್ಯವಸ್ಥೆ ಸಜ್ಜುಗೊಳ್ಳುವಾಗ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಕಡತಕೋಶಗಳ ಪ್ರತಿ ಇಡುವ ಆಯ್ಕೆ ಚಾಲೂ ಆದರೆ ಮನೆಯ ಛಾಯಾಚಿತ್ರಗಳೆಲ್ಲ ಮೇಲೇರತೊಡಗುತ್ತವೆ. ಉಚಿತವಾಗಿ ಸಿಗುವ ಜಾಗ 5 ಗಿಗಾಬೈಟ್ ಮಾತ್ರ.

ಮೇಲೇರಿಕೆ ಇಳಿಕೆಗೆ ಹೇಗೆ ಅಡ್ಡಿ ಎಂದು ಕೇಳಬಹುದು. ಇಳಿದು ಬರುವ ಪ್ರತಿ ಕಂತಿಗೂ ಗಣಕ 'ತಲುಪಿತು' ಎಂಬ ರಸೀದಿ ಕಳುಹಿಸುತ್ತಿರುತ್ತದೆ. ಮೇಲಿನ ದಾರಿ ಕಿಕ್ಕಿರಿದರೆ ರಸೀದಿ ತಡವಾಗುತ್ತದೆ, ಕಳುಹಿಸುವವರು ಕಾಯುತ್ತಾರೆ, ಇಡೀ ಮನೆ ಕಾಯುತ್ತದೆ. ಆಗ ಫೋನೂ ನಿಧಾನವಾಗುತ್ತದೆ. ಆದ್ದರಿಂದ ಫೋನಿನಲ್ಲೂ ವೇಗವಿಲ್ಲವೆಂದು ಕಂಡಾಗ ಸೇವಾ ಸಂಸ್ಥೆಯನ್ನು ದೂರುವ ಮೊದಲು ಗಣಕವನ್ನು ಆರಿಸಿ ಫೋನಿನಲ್ಲಿ ಮತ್ತೊಮ್ಮೆ ಅಳೆಯುವುದು ಅಗತ್ಯ. ಅರ್ಜಿ ಅಥವಾ ತೆರಿಗೆ ವಿವರದ ಕೊನೆಯ ದಿನ ತುರ್ತು ಉಪಾಯವಾಗಿ ವೈಫೈ ಸಂಪರ್ಕವನ್ನು ಮೀಟರ್ಡ್ ಎಂದು ಗುರುತಿಸಿದರೆ ವಿಂಡೋಸ್ ಹಿನ್ನೆಲೆಯ ಇಳಿಕೆಗಳನ್ನು ಬಹುಮಟ್ಟಿಗೆ ಮುಂದೂಡುತ್ತದೆ.

ಮರಳುವ ದಾರಿ

ಇಷ್ಟಕ್ಕೂ ಬಗ್ಗದಿದ್ದರೆ ನೆಟ್‌ವರ್ಕ್ ರೀಸೆಟ್ ಇದೆ. ಇದು ಕಡತಗಳನ್ನು ಮುಟ್ಟುವುದಿಲ್ಲ; ಉಳಿಸಿಟ್ಟ ವೈಫೈ ಗುಪ್ತಪದಗಳನ್ನು ಅಳಿಸುತ್ತದೆ, ಆದ್ದರಿಂದ ಅವನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಅದೂ ವಿಫಲವಾದರೆ ಹಿಂದಿನ ಆವೃತ್ತಿಗೆ ಮರಳುವ ಸೌಲಭ್ಯವುಂಟು, ಆದರೆ ಏರಿಕೆಯಾದ 10 ದಿನಗಳವರೆಗೆ ಮಾತ್ರ. ಡಿಸ್ಕ್ ತುಂಬಿತೆಂದು ವಿಂಡೋಸ್ ಓಲ್ಡ್ ಎಂಬ ಕಡತಕೋಶವನ್ನು ಅಳಿಸಿದವರಿಗೆ ಆ ಬಾಗಿಲು ಅಷ್ಟರೊಳಗೇ ಮುಚ್ಚುತ್ತದೆ. ಮರಳುವುದಾದರೂ ಬೆಂಬಲ ಮುಗಿದ ವ್ಯವಸ್ಥೆಯಲ್ಲಿ ಬ್ಯಾಂಕ್ ವ್ಯವಹಾರ ನಡೆಸುವ ಅಪಾಯವನ್ನು ತೂಗಿ ನೋಡಬೇಕು. ವೈಫೈ ಒಂದಕ್ಕಾಗಿ ಹಿಂದಿರುಗುವುದಕ್ಕಿಂತ ಕೆಲವು ನೂರು ರೂಪಾಯಿಯ ಯುಎಸ್‌ಬಿ ವೈಫೈ ಅಡಾಪ್ಟರ್ ಅಥವಾ ಒಂದು ಉದ್ದನೆಯ ಕೇಬಲ್ ಕೊಳ್ಳುವುದು ವಿವೇಕ.

ಗಣಕ ಆರಿಸಿದ್ದರೂ ಫೋನಿನಲ್ಲಿ ವೇಗವಿಲ್ಲ, ಕೇಬಲ್ ಹಾಕಿದರೂ ಇಲ್ಲ ಎಂದಾದರೆ ವಿಷಯ ಸೇವಾ ಸಂಸ್ಥೆಗೆ ಸೇರಿದ್ದು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಕೇಬಲ್‌ನಲ್ಲಿ ಅಳೆದ ವೇಗವನ್ನು ದಿನಾಂಕ ಸಹಿತ ಬರೆದಿಟ್ಟುಕೊಂಡು ದೂರು ಕೇಂದ್ರದಲ್ಲಿ ನೋಂದಾಯಿಸಿ, ದೂರಿನ ಸಂಖ್ಯೆಯನ್ನು ಕೇಳಿ ಪಡೆಯಬೇಕು. 2023ರಿಂದ ಕೇಂದ್ರ ಸರ್ಕಾರದ ವ್ಯಾಖ್ಯೆಯಂತೆ ಸೆಕೆಂಡಿಗೆ ಕನಿಷ್ಠ 2 ಮೆಗಾಬಿಟ್ ಇಳಿಕೆ ವೇಗವಿದ್ದರೆ ಮಾತ್ರ ಅದು ಬ್ರಾಡ್‌ಬ್ಯಾಂಡ್. 2004ರ ನೀತಿಯಲ್ಲಿ ಈ ಮಿತಿ 256 ಕಿಲೋಬಿಟ್ ಆಗಿತ್ತು. ದೂರು ಕೇಂದ್ರದಲ್ಲಿ ಪರಿಹಾರ ದೊರೆಯದಿದ್ದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2012ರ ನಿಯಮಾವಳಿಯನ್ವಯ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಇದಕ್ಕೆ ಶುಲ್ಕವಿಲ್ಲ.