ಹಳೆಯ ತಗಡು, ಹೊಸ ತಗಡು

ಹಳೆಯ ಗಾಡಿಯ ತಗಡೇ ಗಟ್ಟಿ ಎಂದು ನಾವು ಹೇಳುವುದುಂಟು. ಮುಂಬಯಿಯ ಉಪ್ಪುಗಾಳಿಗೆ ಬಾಗಿಲಿನ ತಳ ತೂತಾದ ಟ್ಯಾಕ್ಸಿಗಳಲ್ಲಿ ಕೂತು ಬಂದವರೂ ನಾವೇ. ಆದರೂ ಮಾತು ಬಿಟ್ಟಿಲ್ಲ! ಅಮೆರಿಕದ ಪಿಕಪ್ ಗಾಡಿಗಳ ಚರಿತ್ರೆ ನೋಡಿದರೆ ಅದು ಅರ್ಧ ಮಾತ್ರ ನಿಜ.

1925ರಲ್ಲಿ ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿ ಗಾಡಿಗೆ ಕಾರ್ಖಾನೆಯಲ್ಲೇ ಉಕ್ಕಿನ ತೊಟ್ಟಿ ಕೂರಿಸಿ ಪಿಕಪ್ ಎಂದು ಮಾರಿತು. ಮುಂದಿನ ದಶಕಗಳ ದಪ್ಪ ತಗಡು ಪೆಟ್ಟನ್ನು ತಾಳಿತು. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪನ್ನು ತಾಳಲಿಲ್ಲ. ಮಡಿಕೆಗಳಲ್ಲಿ ನಿಂತ ಉಪ್ಪುನೀರು ಒಳಗಿನಿಂದಲೇ ತಿನ್ನುತ್ತಿತ್ತು. ಹೊರಗೆ ಬಣ್ಣ ಉಬ್ಬುವ ಹೊತ್ತಿಗೆ ಒಳಗೆ ತಗಡೇ ಉಳಿದಿರುತ್ತಿರಲಿಲ್ಲ. 1980ರ ದಶಕದಲ್ಲಿ ಸತುವಿನ ಲೇಪ ವ್ಯಾಪಕವಾಗಿ ಬಳಕೆಗೆ ಬಂದ ಮೇಲೆ, ತಗಡು ತೆಳುವಾದರೂ ಬಾಳಿಕೆ ಹೆಚ್ಚಿತು.

2015ರ ಎಫ್-150 ಗಾಡಿಗೆ ಫೋರ್ಡ್ ಅಲ್ಯೂಮಿನಿಯಂ ಮೈ ಕೊಟ್ಟಿತು. ತೂಕ 300 ಕಿಲೋಗೂ ಮಿಕ್ಕಿ ಇಳಿದದ್ದುಂಟು. ಮೈಗೆ ಕೆಂಪು ತುಕ್ಕಿನ ಭಯವೂ ಹೋಯಿತು. 2016ರಲ್ಲಿ ಷೆವರ್ಲೆ ತನ್ನ ಜಾಹೀರಾತಿನಲ್ಲಿ ಎರಡೂ ಗಾಡಿಗಳ ತೊಟ್ಟಿಗೆ ಕಾಂಕ್ರೀಟ್ ಕಲ್ಲುಗಳನ್ನು ಸುರಿಸಿತು. ಅಲ್ಯೂಮಿನಿಯಂ ತೂತಾಯಿತು, ಉಕ್ಕು ಹೆಚ್ಚಾಗಿ ತಗ್ಗುಬಿದ್ದಿತಷ್ಟೇ. ಎದುರಾಳಿ ನಡೆಸಿದ ಪರೀಕ್ಷೆ ಅದು, ನಿಜ. ಆದರೆ ತೂತೂ ನಿಜವೇ. ಅಂದಹಾಗೆ, ಆ ಷೆವರ್ಲೆಯ ಬಾನೆಟ್ಟು ಅಲ್ಯೂಮಿನಿಯಂನದೇ.